ಕವಚವಿಲ್ಲದ ಗರಗಸ

ಬೈಲಹೊಂಗಲ, ಸವದತ್ತಿಗಳ ಮಾಳಿಗೆ ಮನೆಗಳಿಗಾಗಿ ಬಡಿಗೇರನು ಜಂತಿಯನ್ನು ಕೊಯ್ಯುತ್ತಿದ್ದ ಕಾಲದಲ್ಲಿ ಗರಗಸದ ವೇಗವು ಅವನ ತೋಳಿನ ವೇಗವೇ ಆಗಿದ್ದುದರಿಂದ, ಹಲ್ಲು ಬೆರಳಿಗೆ ತಾಗಿದೊಡನೆ ನೋವೇ ಕೈಯನ್ನು ತಡೆಯುತ್ತಿತ್ತು. ಇಂದಿನ ನಾಲ್ಕಿಂಚಿನ ಕಟರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದರ ಬಿಲ್ಲೆಯ ಅಂಚು ಗಂಟೆಗೆ 200 ಕಿಲೋಮೀಟರಿನಷ್ಟು ವೇಗದಲ್ಲಿ ಧಾವಿಸುವುದರಿಂದ, ನೋವು ಅರಿವಿಗೆ ಬರುವಷ್ಟರಲ್ಲಿ ಎಲುಬು ತುಂಡಾಗಿರುತ್ತದೆ.

2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗ ಸೀಮೆಯ ಮಣ್ಣಿನ ಮನೆಗಳನ್ನು ಕೆಡವಿತು. ಮಾಳಿಗೆಯಿದ್ದೆಡೆ ಪತ್ರಾಸು ಹೊದಿಸುವವನು ಕಬ್ಬಿಣದ ಪೈಪಿನ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು, ಒಂದು ಕೈಯಲ್ಲಿ ತಗಡನ್ನೂ ಇನ್ನೊಂದರಲ್ಲಿ ಯಂತ್ರವನ್ನೂ ಹಿಡಿದಿರುತ್ತಾನೆ. ಐದಿಂಚಿನ ಬಿಲ್ಲೆಯನ್ನೋ ಮರ ಕೊಯ್ಯುವ ಹಲ್ಲಿನ ಬ್ಲೇಡನ್ನೋ ಕೂರಿಸಲೆಂದು ಕವಚವನ್ನು ಮೊದಲೇ ಬಿಚ್ಚಿರುತ್ತಾನೆ. ಬಿಲ್ಲೆ ಸಿಕ್ಕಿಕೊಂಡೊಡನೆ ಯಂತ್ರವು ಹಿಂದಕ್ಕೆ ಚಿಮ್ಮುತ್ತದೆ. ‘ಮಷೀನ್ ಒದೀತು’ ಎನ್ನುತ್ತಾರೆ, ಎತ್ತು ಒದೆಯಿತೆಂಬಂತೆ.

ಹಾಗಾದರೆ ತಪ್ಪು ಯಾರದು? ನೋಡಿದವರೆಲ್ಲರೂ ಅಜಾಗರೂಕತೆಯೆಂದು ತೀರ್ಪು ಕೊಡುತ್ತಾರೆ. ಅದು ಪೂರ್ಣ ಅಸತ್ಯವೆಂದು ನಾನು ಹೇಳೆನು. ಖಂಡೆ ಪೂಜೆಯ ದಿನ ಯಂತ್ರಕ್ಕೆ ವಿಭೂತಿ ಕುಂಕುಮಗಳನ್ನು ಹಚ್ಚುವ ಕೈಯೇ ಮರುದಿನ ಕವಚವನ್ನು ಮೂಲೆಗೆಸೆಯುವುದುಂಟು. ಆದರೆ ಚದರಡಿಯ ಲೆಕ್ಕದಲ್ಲಿ ಕೂಲಿಯನ್ನು ಗೊತ್ತುಮಾಡಿ, ಕಲ್ಲು, ಮರ, ಪೈಪುಗಳಿಗೆಲ್ಲ ಒಂದೇ ಯಂತ್ರವನ್ನು ಕೊಟ್ಟು, ಮಳೆಗೆ ಮುನ್ನ ಛಾವಣಿ ಮುಗಿಯಬೇಕೆಂದು ಅವಸರಿಸುವ ಗುತ್ತಿಗೆದಾರನು, ತಾನು ಸ್ಕ್ರೂ ಮುಟ್ಟದೆಯೇ ಆ ಕವಚವನ್ನು ಬಿಚ್ಚಿಸಿದ್ದಾನೆ.

ಕಾನೂನು ಇಷ್ಟು ಆಳಕ್ಕಿಳಿಯದು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕರ ಪರಿಹಾರ ಅಧಿನಿಯಮದ 3ನೆಯ ಕಲಮಿನಂತೆ, ರಕ್ಷಣೆಗೆಂದು ಒದಗಿಸಿದ್ದೆಂದು ಅರಿತೂ ಕಾರ್ಮಿಕನು ಕವಚವನ್ನು ಬುದ್ಧಿಪೂರ್ವಕವಾಗಿ ತೆಗೆದು ಗಾಯಗೊಂಡರೆ, ಮರಣವಾಗಲಿ ಶಾಶ್ವತವಾದ ಪೂರ್ಣ ಅಶಕ್ತತೆಯಾಗಲಿ ಸಂಭವಿಸದಿದ್ದಲ್ಲಿ, ಮಾಲೀಕನಿಗೆ ಹೊಣೆಯಿರಲಿಲ್ಲ. ಅದೇ ಅಧಿನಿಯಮದ ಅನುಸೂಚಿಯಲ್ಲಿ ಹೆಬ್ಬೆರಳಿನ ನಷ್ಟವು ಶೇ. 30, ಒಂದು ಕೈಯ ನಾಲ್ಕೂ ಬೆರಳುಗಳದು ಶೇ. 50, ಎರಡೂ ಪೂರ್ಣವಾಗಿರಲಿಲ್ಲ. ಎಂದಮೇಲೆ, ಕಟರಿನಿಂದ ಬಹುಮಟ್ಟಿಗೆ ಆಗುವ ಗಾಯ ಯಾವುದೋ ಅದಕ್ಕೇ ಈ ವಿನಾಯಿತಿಯು ತಗಲುತ್ತಿತ್ತು. ಅವಸರದ ಕೂಲಿಯಲ್ಲಿ ಮಾಡಿದ್ದನ್ನು ‘ಬುದ್ಧಿಪೂರ್ವಕ’ವೆನ್ನುವುದು ನ್ಯಾಯವಲ್ಲವೆಂದೇ ನನ್ನ ಮತ.

ಮನೆ ಕಟ್ಟಿಸುವವರು ಕೆಲಸ ಆರಂಭವಾಗುವ ಬೆಳಿಗ್ಗೆ ಕವಚವೆಲ್ಲಿದೆಯೆಂದು ಒಂದು ಮಾತು ಕೇಳಲಿ. ಯಂತ್ರ ಕೊಂಡಾಗ ಅದು ಅದೇ ಪೆಟ್ಟಿಗೆಯಲ್ಲಿ ಬಂದಿರುತ್ತದೆ.