ಬೆಟ್ಟ ಹತ್ತೋ ಮುಂಚೆ ನಕ್ಷೆ ಓದಿ

ಮಳೆಗಾಲ ಬಂತೆಂದರೆ ನಾಸಿಕ್, ಸಂಭಾಜಿನಗರದ ನಮ್ಮ ಕನ್ನಡದ ಹುಡುಗರೆಲ್ಲ ಸಹ್ಯಾದ್ರಿ ಕಡೆ ಹೊರಟುಬಿಡ್ತಾರೆ. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ (1646 ಮೀಟರ್) ನಾಸಿಕ್ ಜಿಲ್ಲೆಯ ಅಂಚಿನಲ್ಲೇ ಇದೆಯಲ್ಲ! ಕೈಯಲ್ಲಿ ಮೊಬೈಲ್ ಇದೆ, ಸಾಕು ಅನ್ನೋ ಧೈರ್ಯ. ಬೆಟ್ಟದ ಬುಡದ ತನಕ ಸಾಕು, ನಿಜ. ಆಮೇಲೆ?

ಇಲ್ಲಿನ ಬೆಟ್ಟಗಳು ನಮ್ಮ ಮಲೆನಾಡಿನ ಗುಡ್ಡಗಳಂತಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದ ಲಾವಾ ಇದು. ಅಜಂತಾ, ಎಲ್ಲೋರಾ ಕೊರೆದದ್ದೂ ಇದೇ ಕಲ್ಲಿನಲ್ಲಿ. ಹಾಗಾಗಿ ಒಂದು ಮೆಟ್ಟಿಲು ಸಮತಟ್ಟು, ಮುಂದಿನದು ನೆಟ್ಟಗೆ ಪ್ರಪಾತ. ಸರ್ವೆ ಆಫ್ ಇಂಡಿಯಾದ ಟೊಪೊಶೀಟಿನಲ್ಲಿ ಒಂದು ಸೆಂಟಿಮೀಟರ್ ಅಂದರೆ ಅರ್ಧ ಕಿಲೋಮೀಟರ್; ಸಾಮಾನ್ಯವಾಗಿ ಒಂದು ಸಮೋನ್ನತಿ ರೇಖೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದು ಅಂತ ಅರ್ಥ. ಮಂಜು ಮುಸುಕಿದಾಗ ಜೀವ ಉಳಿಸೋದು ಈ ತಿಳಿವಳಿಕೆಯೇ.

ಗೆರೆ ಮಾತ್ರವಲ್ಲ, ಹೆಸರನ್ನೂ ಓದಿ. ಇದೇ ಬೆಟ್ಟಸಾಲಿನ ಕೊಂಕಣದ ಮಗ್ಗುಲಲ್ಲಿ ಬಿಸಿನೀರಿನ ಬುಗ್ಗೆಗಳ ಸಾಲೇ ಇದೆ. ತಾನಸಾ ನದಿಯ ದಡದ ವಜ್ರೇಶ್ವರಿ–ಗಣೇಶಪುರಿ ಎಲ್ಲರಿಗೂ ಗೊತ್ತು. ರಾಯಗಡದ ಉನ್ಹೇರೆ, ರತ್ನಾಗಿರಿಯ ಉನ್ಹವರೆ, ಸಾತ್ಪುಡಾ ಬುಡದಲ್ಲಿ ಜಳಗಾವ್ ಜಿಲ್ಲೆಯ ಉನಪದೇವ್... ಹೆಸರಿನಲ್ಲೇ 'ಉಷ್ಣ' ಅಡಗಿದೆ ನೋಡಿ. ನಮ್ಮ ಪುತ್ತೂರಿನ ಇರ್ದೆಯ ಬೆಂದ್ರ್ ತೀರ್ಥವೂ ಹಾಗೇ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಹಳೇ ಲಾವಾದ ಕಾವು ಇನ್ನೂ ಉಳಿದಿದೆ ಅಂತ ಕೆಲವರು ತಿಳಿದಿದ್ದಾರೆ. ಅದು ತಣ್ಣಗಾಗಿ ಕೋಟಿಗಟ್ಟಲೆ ವರ್ಷಗಳಾದವು! ಮಳೆನೀರು ಬಿರುಕುಗಳಲ್ಲಿ ಆಳಕ್ಕಿಳಿದು, ಭೂಮಿಯೊಳಗಿನ ಶಾಖಕ್ಕೆ ಕಾದು ಮೇಲೆ ಬರುತ್ತೆ, ಅಷ್ಟೇ.

ಇಂಥ ನಕ್ಷೆಗಳ ಹಿಂದೆ ಎಷ್ಟು ಜನರ ಬೆವರಿದೆ ಗೊತ್ತೇ? 1802ರಲ್ಲಿ ಮದರಾಸಿನಲ್ಲಿ ಅಳತೆ ಶುರುಮಾಡಿದ ವಿಲಿಯಂ ಲ್ಯಾಂಬ್ಟನ್, 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು, 1823ರಲ್ಲಿ ವರ್ಧಾ ಹತ್ತಿರದ ಹಿಂಗಣಘಾಟಿನಲ್ಲಿ ತೀರಿಕೊಂಡ. ನಮ್ಮ ಹಾಗೇ ದಕ್ಷಿಣದಿಂದ ಮಹಾರಾಷ್ಟ್ರಕ್ಕೆ ಬಂದ ಕೆಲಸ ಇದು! ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಊರಿಂದೂರಿಗೆ, ಗುಡ್ಡದ ಮೇಲಕ್ಕೆ ಸಾಗಿಸಿದ ಕೂಲಿಗಳ ಹೆಸರು ಮಾತ್ರ ಯಾವ ನಕ್ಷೆಯಲ್ಲೂ ಇಲ್ಲ.

ಒಂದು ಕಾಲದಲ್ಲಿ ಕರಾವಳಿ ಭಾಗದ ಟೊಪೊಶೀಟ್ ಸಾಮಾನ್ಯರ ಕೈಗೆ ಸಿಗುವಂತಿರಲಿಲ್ಲ. 2005ರ ನಕ್ಷಾ ನೀತಿ ಬಂದಮೇಲೆ ಸಾರ್ವಜನಿಕರಿಗೆಂದೇ ಬೇರೆ ಸರಣಿ ಬಂತು. 2017ರಿಂದ ಹೆಸರು ನೋಂದಾಯಿಸಿದರೆ ಪುಕ್ಕಟೆ ಇಳಿಸಿಕೊಳ್ಳಬಹುದು. ಪುಕ್ಕಟೆ ಸಿಕ್ಕಿದ್ದಕ್ಕೇ ಬೆಲೆ ಇಲ್ಲವೋ ಏನೋ!

ಮುಂದಿನ ಸಲ ಹೊರಡುವಾಗ ಒಂದು ಹಾಳೆ ಮುದ್ರಿಸಿ ಚೀಲಕ್ಕೆ ಹಾಕಿಕೊಳ್ಳಿ. ಮಕ್ಕಳಿಗೂ ಗೆರೆ ಓದೋದು ಕಲಿಸಿ. ಬುಡದ ಹಳ್ಳಿಯ ಅಜ್ಜನನ್ನೂ ಒಂದು ಮಾತು ಕೇಳಿ. ಬ್ಯಾಟರಿ ಮುಗಿದ ಮೇಲೂ ದಾರಿ ಹೇಳೋದು ಈ ಎರಡೇ.