ಎಲ್ಲ ಬೆಂಕಿಗೂ ನೀರು ಮದ್ದಲ್ಲ



ಪೋಕೆಮಾನ್ ಆಟ 1996ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ಅದರ ಪ್ರಾಣಿಗಳ ಬಲಾಬಲವನ್ನು ನಿಮ್ಮಲ್ಲಿ ಅನೇಕರು ಮಗ್ಗಿಗಿಂತ ಚೆನ್ನಾಗಿ ಒಪ್ಪಿಸುತ್ತೀರಿ. ಬೆಂಕಿಗೆ ನೀರು ವೈರಿ, ನೀರಿಗೆ ವಿದ್ಯುತ್ತು ವೈರಿ, ವಿದ್ಯುತ್ತಿನ ಆಟ ನೆಲದ ಮುಂದೆ ನಡೆಯದು. ಈ ಸಲ ಇವನ್ನು ವಿಜ್ಞಾನದ ಒರೆಗೆ ಹಚ್ಚಿ ನೋಡೋಣವೇ?

ಪಿಕಾಚುವಿನ ಮಿಂಚು ನೆಲದ ಪ್ರಾಣಿಗೆ ತಾಗುವುದೇ ಇಲ್ಲ. ಇದಕ್ಕೆ ಹತ್ತಿರದ ಸಂಗತಿ ನಿಮ್ಮ ಮನೆಯಲ್ಲೇ ಇದೆ. ಫ್ರಿಜ್ಜಿನ ಮೈಗೆ ಕರೆಂಟು ಸೋರಿದರೆ, ಪ್ಲಗ್ಗಿನ ದಪ್ಪ ಪಿನ್ನು ಅದನ್ನು ಭೂಮಿಯ ಕಡೆಗೆ ಹರಿಸಿ ನಿಮ್ಮನ್ನು ಕಾಯುತ್ತದೆ. ಅದೇ ಅರ್ಥಿಂಗ್.

ನೀರಿನ ಕಥೆ ಸ್ವಲ್ಪ ಬೇರೆ. ಅಪ್ಪಟ ಶುದ್ಧ ನೀರಿನಲ್ಲಿ ವಿದ್ಯುತ್ತು ಹರಿಯುವುದು ತೀರಾ ಕಡಿಮೆ. ದಾರಿ ಮಾಡಿಕೊಡುವುದು ಅದರಲ್ಲಿ ಕರಗಿದ ಲವಣಗಳು. ನಲ್ಲಿಯ ನೀರಿನಲ್ಲೂ ನಮ್ಮ ಬೆವರಿನಲ್ಲೂ ಅವು ಇದ್ದೇ ಇರುತ್ತವೆ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡ ಎಂದು ಅಮ್ಮ ಗದರುವುದು ಅದಕ್ಕೇ.

ಹುಲ್ಲಿನ ಪ್ರಾಣಿ ಬಂಡೆಯನ್ನು ಗೆಲ್ಲುವುದೂ ಸುಳ್ಳಲ್ಲ. ಹಳೆಯ ಕಟ್ಟಡದ ಬಿರುಕಿನಲ್ಲಿ ಬೇರುಬಿಟ್ಟ ಅರಳಿ ಗಿಡವನ್ನು ನೋಡಿದರೆ ಸಾಕು.

ಇನ್ನು ಬೆಂಕಿ ಮತ್ತು ನೀರು. ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲರಿ ಶಾಖ ಬೇಕು. ನೀರು ಅದನ್ನು ಬೆಂಕಿಯಿಂದಲೇ ಕಸಿದುಕೊಳ್ಳುತ್ತದೆ, ಬೆಂಕಿ ಆರುತ್ತದೆ. ಕಟ್ಟಿಗೆ, ಕಾಗದ, ಬಟ್ಟೆಗೆ ಈ ಮಾತು ಸರಿ. ಆದರೆ ಬಾಣಲೆಯಲ್ಲಿ ಹೊತ್ತಿಕೊಂಡ ಎಣ್ಣೆಗೆ ನೀರು ಸುರಿದಿರೋ, ಕೆಟ್ಟಿರಿ! ನೀರು ಎಣ್ಣೆಗಿಂತ ಭಾರ. ಅದು ತಳಕ್ಕಿಳಿದು, ಕ್ಷಣದಲ್ಲಿ ಆವಿಯಾಗಿ, ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ನಿಮ್ಮ ಮೈಮೇಲೆಯೇ ಎರಚುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಗ್ಯಾಸ್ ಆರಿಸಿ. ಬಾಣಲೆಯನ್ನು ಕದಲಿಸಬೇಡಿ. ಸರಿಹೊಂದುವ ಲೋಹದ ಮುಚ್ಚಳವನ್ನು ಪಕ್ಕದಿಂದ ಮೆಲ್ಲನೆ ಸರಿಸಿ ಮುಚ್ಚಿ. ಗಾಳಿ ಸಿಗದೆ ಬೆಂಕಿ ತಾನೇ ಸಾಯುತ್ತದೆ. ಪೂರ್ತಿ ತಣಿಯುವವರೆಗೆ ಮುಚ್ಚಳ ತೆಗೆಯಬೇಡಿ. ಸ್ವಿಚ್ ಬೋರ್ಡಿಗೆ ಬೆಂಕಿ ಹತ್ತಿದರೂ ನೀರು ಬೇಡ. ಸಾಧ್ಯವಾದರೆ ಮೊದಲು ಮೇನ್ ಸ್ವಿಚ್ ಆರಿಸಿ. ಬೆಂಕಿ ಕೈಮೀರಿದರೆ ಎಲ್ಲ ಬಿಟ್ಟು ಹೊರಗೆ ಬಂದು 101ಕ್ಕೆ ಫೋನ್ ಮಾಡಿ.

ಓದಿಗೋ ನೌಕರಿಗೋ ಮನೆ ಬಿಟ್ಟು ಹೋಗಿ, ಮೊದಲ ಸಲ ಸ್ವಂತ ಒಲೆ ಹಚ್ಚುವವರು ನಿಮ್ಮಲ್ಲಿ ಎಷ್ಟೋ ಜನ. ಆಟದಲ್ಲಿ ಮೂರ್ಛೆ ಹೋದ ಪ್ರಾಣಿ ಚಿಕಿತ್ಸೆ ಪಡೆದು ಮತ್ತೆ ಕಣಕ್ಕಿಳಿಯುತ್ತದೆ. ನಮಗೆ ಆ ಅನುಕೂಲವಿಲ್ಲ. ಇವತ್ತೇ ನಿಮ್ಮ ಬಾಣಲೆಗೆ ಸರಿಹೊಂದುವ ಮುಚ್ಚಳವೊಂದನ್ನು ಹುಡುಕಿ, ಒಲೆಯ ಹತ್ತಿರ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಆಮೇಲೆ ಧಾರಾಳವಾಗಿ ಪೂರಿ ಕರಿಯಿರಿ!