ಸರ್ವಭಕ್ಷಕನಿಗೂ ಅಜೀರ್ಣ

ಸರ್ವಭಕ್ಷಕನಾಗೆಂದು ಭೃಗುವಿನಿಂದ ಶಾಪ ಪಡೆದ ಅಗ್ನಿಗೂ ಶ್ವೇತಕಿಯ ಯಾಗದ ತುಪ್ಪ ಕುಡಿದು ಅಜೀರ್ಣವಾಯಿತು. ಘನ ಆಕ್ಸೈಡ್ ಇಂಧನಕೋಶ ಮಾರುವವರಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು. ನೈಸರ್ಗಿಕ ಅನಿಲ, ಸಗಣಿ ಗ್ಯಾಸು, ಚರಂಡಿ ಗ್ಯಾಸು, ಯಾವುದನ್ನು ಊಡಿದರೂ ವಿದ್ಯುತ್ತು ಬರುತ್ತದೆ ಎಂಬುದು ಅವರ ಪಲ್ಲವಿ.

ಅದರಲ್ಲಿ ಅರ್ಧ ನಿಜವಿದೆ. ಕಾರುಗಳಲ್ಲಿ ಬಳಸುವ, 80 ಡಿಗ್ರಿಯ ಆಸುಪಾಸಿನ ಇಂಧನಕೋಶಕ್ಕೆ ಕಾರ್ಬನ್ ಮಾನಾಕ್ಸೈಡ್ ವಿಷ. 600ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುವ ಇದಕ್ಕೆ ಅದು ಆಹಾರ. ಒಂದು ವಿಷ ದಕ್ಕಿತೆಂದು ಎಲ್ಲ ವಿಷವೂ ದಕ್ಕೀತೇ?

ಮುಂಬೈ, ದೆಹಲಿಯ ಅಡುಗೆಮನೆಗೆ ಕೊಳವೆಯಲ್ಲಿ ಬರುವ ಗ್ಯಾಸನ್ನೇ ನೋಡಿ. ಮೀಥೇನಿಗೆ ವಾಸನೆಯಿಲ್ಲ. ಸೋರಿದರೆ ಮೂಗಿಗೆ ತಿಳಿಯಲೆಂದು ಗಂಧಕದ ಸಂಯುಕ್ತವನ್ನು ಬೇಕೆಂದೇ ಬೆರೆಸುತ್ತಾರೆ. ಮನೆ ಕಾಯುವ ಆ ನಾತವೇ ಇಂಧನಕೋಶಕ್ಕೆ ಶತ್ರು. ಇಂಧನದ ಬದಿಯ ವಿದ್ಯುದ್ವಾರದಲ್ಲಿರುವ ನಿಕಲ್ ಎರಡು ದುಡಿಮೆ ಮಾಡುತ್ತದೆ: ಹಬೆಯ ಜೊತೆ ಮೀಥೇನನ್ನು ಒಡೆಯುವುದು, ಬಂದ ಹೈಡ್ರೋಜನ್ನಿನಿಂದ ಎಲೆಕ್ಟ್ರಾನ್ ಬಿಡಿಸುವುದು. ಹತ್ತು ಲಕ್ಷಕ್ಕೆ ಒಂದೆರಡು ಪಾಲು ಹೈಡ್ರೋಜನ್ ಸಲ್ಫೈಡ್ ಇದ್ದರೂ ಗಂಧಕ ನಿಕಲ್ಲಿನ ಮೇಲೆ ಕೂತು ಆ ಜಾಗ ಕಬಳಿಸುತ್ತದೆ, ವೋಲ್ಟೇಜು ಕುಸಿಯುತ್ತದೆ. ಬೇಗ ನಿಲ್ಲಿಸಿದರೆ ಬಹುಪಾಲು ಚೇತರಿಕೆ ಉಂಟು, ತಿಂಗಳುಗಟ್ಟಲೆ ಬಿಟ್ಟರೆ ಇಲ್ಲ. ತಮಾಷೆಯೆಂದರೆ, ಅಗ್ಗದ ಉಕ್ಕು ಸಾಕಾಗಲೆಂದು ತಾಪ ಇಳಿಸುವ ಪೈಪೋಟಿ ನಡೆದಿದೆ. ತಾಪ ಇಳಿದಷ್ಟೂ ಗಂಧಕದ ಹಿಡಿತ ಬಿಗಿ.

ಇದು ಶುದ್ಧವೆನಿಸಿಕೊಂಡ ಗ್ಯಾಸಿನ ಕಥೆ. ಶುದ್ಧಿ ಮಾಡದ ಜೈವಿಕ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ನೂರಾರು, ಕೆಲವೆಡೆ ಸಾವಿರಾರು ಪಾಲು. ಚರಂಡಿಯದಾದರೆ ಜೊತೆಗೆ ನಮ್ಮ ಶಾಂಪೂ, ಕ್ರೀಮುಗಳಿಂದ ಬಂದ ಸಿಲಾಕ್ಸೇನ್. ಬಿಸಿಗೆ ಅದು ಸಿಲಿಕಾ ಆಗುತ್ತದೆ, ಅಂದರೆ ಮರಳು. ವಿದ್ಯುದ್ವಾರದ ರಂಧ್ರಗಳಲ್ಲಿ ಮರಳು ತುಂಬಿದ ಮೇಲೆ ಯಾವ ಪಥ್ಯವೂ ನಾಟುವುದಿಲ್ಲ.

ಫಿಲ್ಟರು ಹಾಕಿದರಾಯಿತು ಎನ್ನುತ್ತಾರೆ. ನಿಜ, ಸತು ಆಕ್ಸೈಡ್, ಸಕ್ರಿಯ ಇದ್ದಿಲು ಪಳಗಿದ ಉಪಾಯಗಳೇ. ಆದರೆ ಇದ್ದಿಲು ತುಂಬಿ ಹೋಗುತ್ತದೆ, ಹೋದದ್ದು ಹೊರಗೆ ಕಾಣುವುದಿಲ್ಲ. ಮೊದಲು ತಿಳಿಸುವುದು ಕೆಟ್ಟ ಕೋಶವೇ. ಶುದ್ಧೀಕರಣವನ್ನು ದರಪಟ್ಟಿಯ ಕೊನೆಯಲ್ಲಿ ‘ಇತರೆ’ ಎಂದು ಬರೆದು, ಶುದ್ಧ ಅನಿಲದಲ್ಲಿ ಅಳೆದ ದಕ್ಷತೆಯನ್ನು ಚರಂಡಿ ಗ್ಯಾಸಿನ ಯೋಜನೆಗೆ ಅಂಟಿಸುವುದು ಕಣ್ಣುಕಟ್ಟು. ಕೊಳ್ಳುವ ನಗರಪಾಲಿಕೆ ಸಹಿ ಹಾಕುವ ಮುಂಚೆ ಕೇಳಲಿ: ನಮ್ಮ ಗ್ಯಾಸಿನಲ್ಲಿ ಗಂಧಕ ಎಷ್ಟು, ಸಿಲಾಕ್ಸೇನ್ ಎಷ್ಟು, ಬೇಸಿಗೆಯಲ್ಲೂ ಮಳೆಗಾಲದಲ್ಲೂ ಅಳೆದಿರಾ? ಇದ್ದಿಲು ಬದಲಿಸುವವರು ಯಾರು, ಎಷ್ಟು ದಿನಕ್ಕೊಮ್ಮೆ, ಯಾರ ದುಡ್ಡಿನಲ್ಲಿ?